ವಾಚಿನ ತಾತ ಟೈರು ಹುಡುಕಿದ ವಾರ

"ಅಮ್ಮಾ, ವಾಚಿನ ತಾತ ಟೈರಿಗೆ ಯಾಕೆ ಕಣ್ಣು ಒತ್ತಿ ನೋಡ್ತಿದ್ದಾರೆ? ಅದಕ್ಕೆ ಜ್ವರ ಬಂದಿದೆಯಾ?"

ಕೇಳಿದವಳು ಮೇಲಿನ ಮನೆಯ ಐದು ವರ್ಷದ ಪುಟ್ಟಿ. ಕೇಳಿದ್ದು ತನ್ನ ತಾಯಿಯನ್ನು. ಆದರೆ ಅದು ಮೊದಲು ಹೋಗಿ ಬಿದ್ದದ್ದು ಅಂಗಳದ ಸಿಮೆಂಟಿನ ಮೇಲೆ ಬೋರಲಾಗಿ ಮಲಗಿದ್ದ ವಾಚಿನವರ ಕಿವಿಗೆ. ವಾಚು ರಿಪೇರಿ ಮಾಡುವಾಗ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಭೂತಗನ್ನಡಿ ಅವರ ಬಲಗಣ್ಣಿನಲ್ಲಿತ್ತು. ಎದುರಿಗೆ, ಕಾಗದ ಅರ್ಧ ಬಿಚ್ಚಿದ ಕರಿಯ ಟೈರು. ಅಂಥವೇ ಇನ್ನೂ ಮೂರು ಗೋಡೆಗೆ ಒರಗಿದ್ದವು. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ಅವರು ಮೂರನೇ ಸಲ ಓದುತ್ತಿದ್ದರು. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಮೂರು ಸಲವೂ ಉತ್ತರ ಒಂದೇ ಬಂತು. ಹನ್ನೆರಡು ವರ್ಷ ಹಳೆಯದು.

ಅವರು ಕನ್ನಡಿ ತೆಗೆದು ಜೇಬಿಗೆ ಹಾಕಿಕೊಂಡರು. ಓದದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ವಾಚಿನವರಿಗೆ ಅರವತ್ತಮೂರು. ಬೇಕರಿಗೂ ಚಪ್ಪಲಿ ಅಂಗಡಿಗೂ ನಡುವೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ಕಾಯಬೇಕಾದಷ್ಟು ಜಾಗದಲ್ಲಿ, ನಲವತ್ತು ವರ್ಷದಿಂದ ಕೂತು ರಿಪೇರಿ ಮಾಡಿದವರು. ಮದುವೆಯಾಗಲಿಲ್ಲ. ಅಕ್ಕನ ಜೊತೆ ಇದ್ದಾರೆ. ಅಂಗಳದಲ್ಲಿ ನಿಂತಿರುವ ತಿಳಿಹಸಿರು ಕಾರು, ಅವರಿಗೆ ಕೆಲಸ ಕಲಿಸಿದ ಯಜಮಾನರು ಕಣ್ಣು ಮಂಜಾದ ಮೇಲೆ ಬಿಟ್ಟುಕೊಟ್ಟದ್ದು. ಆ ಮಾದರಿ ತಯಾರಾಗುವುದು ನಿಂತೇ ಎಷ್ಟೋ ಕಾಲವಾಯಿತು. ವಾರಕ್ಕೊಮ್ಮೆ ಮಾರುಕಟ್ಟೆಗೆ, ತಿಂಗಳಿಗೊಮ್ಮೆ ನದಿಯ ಸೇತುವೆಯವರೆಗೆ, ಅಷ್ಟೇ ಅದರ ಓಡಾಟ. ಉಳಿದ ದಿನವೆಲ್ಲ ಒರೆಸಿಸಿಕೊಳ್ಳುವುದೇ ಕೆಲಸ.

"ಇವನಿಗೆ ಮದುವೆಯಾಗಿಲ್ಲ ಅಂತ ಯಾರಂದ್ರು?" ಎಂದು ಅಕ್ಕ ಬಂದವರಿಗೆಲ್ಲ ಹೇಳುವುದುಂಟು. "ಹಸಿರು ಸೀರೆಯವಳು ಹೊರಗೆ ನಿಂತಿದ್ದಾಳಲ್ಲ. ಒಂದು ಮಾತು ಎದುರಾಡಲ್ಲ, ಪುಣ್ಯಾತ್ಗಿತ್ತಿ."

ಅಕ್ಕನಿಗೆ ಸೊಂಟದ ಕೀಲಿನ ಆಪರೇಷನ್ ಆಗಿ ಎರಡು ತಿಂಗಳು. ಅವಳ ಒಬ್ಬಳೇ ಮಗಳು ಬೆಟ್ಟದಾಚೆಯ ಊರಿನಲ್ಲಿ ತುಂಬು ಗರ್ಭಿಣಿ. ಬಸ್ಸಿನ ಮೆಟ್ಟಿಲು ಹತ್ತುವಂತಿಲ್ಲ, ಎತ್ತರದ ಗಾಡಿಗಳಿಗೆ ಕಾಲೆತ್ತಿ ಇಡುವಂತಿಲ್ಲ ಎಂದಿದ್ದರು ಡಾಕ್ಟರು. ಹಸಿರು ಕಾರಿನ ಮುಂದಿನ ಸೀಟು ಮಾತ್ರ ಅಕ್ಕನ ಅಳತೆ ತೆಗೆದು ಮಾಡಿಸಿದ ಹಾಗಿತ್ತು. ಬೆನ್ನು ಕೊಟ್ಟು ಕೂತು, ಎರಡೂ ಕಾಲನ್ನು ಒಟ್ಟಿಗೆ ಒಳಕ್ಕೆ ತಿರುಗಿಸಿಕೊಂಡರೆ ಮುಗಿಯಿತು. "ಭಾನುವಾರ ಬೆಳಗ್ಗೆ ಹೊರಡೋಣ ಅಕ್ಕ. ಮಗು ಹುಟ್ಟೋ ಹೊತ್ತಿಗೆ ನೀನು ಅಲ್ಲಿರ್ತೀಯ" ಎಂದು ವಾಚಿನವರು ಮಾತು ಕೊಟ್ಟಿದ್ದರು. ಅಕ್ಕ ಮರುದಿನವೇ ಚೀಲ ಕಟ್ಟಿ ಬಾಗಿಲ ಬಳಿ ಇಟ್ಟಿದ್ದಳು.

ಅಕ್ಕನಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಹೋದ ತಿಂಗಳು ಮಾರುಕಟ್ಟೆಯಿಂದ ಬರುವಾಗ ಕಾರಿನ ಹಿಂದಿನ ಟೈರು ಢಮಾರ್ ಎಂದು ಸಿಡಿದಿತ್ತು. ನಡೆಯುವವರಿಗಿಂತ ಸ್ವಲ್ಪ ಜೋರಾಗಿ ಹೋಗುತ್ತಿದ್ದದ್ದರಿಂದ ಏನೂ ಆಗಲಿಲ್ಲ. ಮೆಕ್ಯಾನಿಕ್ ಉಳಿದ ಮೂರನ್ನೂ ಬೆರಳಿನಿಂದ ಒತ್ತಿ, ಸೀಳುಗಳನ್ನು ತೋರಿಸಿ, "ಇವನ್ನ ಹಾಕ್ಕೊಂಡು ಬೆಟ್ಟ ಹತ್ತಿದ್ರೆ ನೀವು ಇಳಿಯಲ್ಲ, ಉರುಳ್ತೀರ" ಎಂದಿದ್ದ. ಮನೆಗೆ ಬಂದು ವಾಚಿನವರು ಅಕ್ಕನಿಗೆ ಹೇಳಿದ್ದು, "ಒಂದು ಮೊಳೆ ಚುಚ್ಚಿತ್ತು, ಅಷ್ಟೇ."

ಅಲ್ಲಿಂದ ಅವರಿಗೆ ಕೂತರೆ ಕೂತಂತಿಲ್ಲ, ನಿಂತರೆ ನಿಂತಂತಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಅಂಗಡಿಯಿಂದ ಅಂಗಡಿಗೆ ತಿರುಗಿದರು. ಗಾಜಿನ ಬಾಗಿಲ ದೊಡ್ಡ ಅಂಗಡಿಯಲ್ಲಿ ಟೈ ಕಟ್ಟಿದವನೊಬ್ಬ ಕಂಪ್ಯೂಟರಿನಲ್ಲಿ ಹುಡುಕಿ, "ಈ ಸೈಜು ಬರೋದೇ ಇಲ್ಲ ಸಾರ್. ಕಾರು ಬದಲಾಯಿಸೋ ಯೋಚನೆ ಇದೆಯಾ?" ಎಂದು ನಕ್ಕ. ಹಳೆಯ ಕಾರುಗಳಿಗೆಂದೇ ಟೈರು ತರಿಸಿಕೊಡುವವನು ಫೋನಿನಲ್ಲಿ ಹೇಳಿದ ಬೆಲೆಗೆ ಇಂಥದ್ದೇ ಇನ್ನೊಂದು ಕಾರು ಬರುತ್ತಿತ್ತು. ಅಗಲದ ಟೈರು ಹಾಕಿಸಿ ಎಂದ ಇನ್ನೊಬ್ಬ. ಹಾಕಿ ನೋಡಿದರೆ ಸ್ಟೀರಿಂಗ್ ಪೂರ್ತಿ ತಿರುಗಿಸುತ್ತಲೇ ಮಡ್‌ಗಾರ್ಡಿಗೆ ಕರಕರ ಉಜ್ಜಿತು.

ಕೊನೆಗೆ ನಿನ್ನೆ ಸಂಜೆ ರೈಲು ಹಳಿಯ ಹಿಂದಿನ ಗೋಡೌನಿನಲ್ಲಿ ಸಿಕ್ಕಿದ್ದು ಈ ನಾಲ್ಕು. ಅದೇ ಸೈಜು. ಬೆಲೆಯೂ ಕೈಗೆಟುಕುವಂಥದ್ದು. "ಒಂದು ಕಿಲೋಮೀಟರ್ ಓಡಿಲ್ಲ ಸಾರ್. ಕಾಗದ ನೋಡಿ, ನಾನೇ ಬಿಚ್ಚಿಲ್ಲ" ಎಂದ ಗೋಡೌನಿನವನು. ಗ್ರಿಪ್ಪಿನ ಆಳವನ್ನು ವಾಚಿನವರು ತಮ್ಮ ಅಳತೆಕಡ್ಡಿಯಿಂದ ನಾಲ್ಕು ಕಡೆ ಅಳೆದರು. ಕೂದಲೆಳೆಯಷ್ಟೂ ಸವೆದಿರಲಿಲ್ಲ. ಸವೆಯದ್ದು ಹೊಸದು, ಇನ್ನೇನು ಬೇಕು ಎಂದು ತಂದುಬಿಟ್ಟಿದ್ದರು.

"ಮಾಮ, ಏಳಿ, ಸಿಮೆಂಟು ತಣ್ಣಗಿದೆ" ಎನ್ನುತ್ತಾ ಪುಟ್ಟಿಯ ತಾಯಿ ಕೆಳಗಿಳಿದು ಬಂದಳು. ಔಷಧಿ ಅಂಗಡಿಯಲ್ಲಿ ಕೆಲಸ ಅವಳಿಗೆ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಮಗಳ ಒಂದು ಕಾಲಿನ ಶೂ. "ಟೈರು ಹೊಸದಾ?"

"ಹೂನಮ್ಮ. ಕಾಗದ ಸಮೇತ ಹೊಸದು."

"ಮತ್ತೆ ಕನ್ನಡಿ ಹಾಕ್ಕೊಂಡು ಏನು ನೋಡ್ತಿದ್ರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಂಕಿ ತೋರಿಸಿದರು. ಅವಳು ಬಗ್ಗಿ ನೋಡಿ, ಅರೆಗಳಿಗೆ ಲೆಕ್ಕ ಹಾಕಿ, ಮೆಲ್ಲಗೆ ಹೇಳಿದಳು: "ನಮ್ಮ ಅಂಗಡಿಯಲ್ಲಾದ್ರೆ ಇದನ್ನ ಕಪಾಟಿನಿಂದಲೇ ತೆಗೆದುಬಿಡ್ತಿದ್ವಿ ಮಾಮ."

"ಇದೇನು ಕೆಮ್ಮಿನ ಸಿರಪ್ಪಾ? ರಬ್ಬರು ಇದು! ಬಳಸದೇ ಇರೋದು ಹೇಗೆ ಹಾಳಾಗುತ್ತೆ?"

ಅಷ್ಟು ಜೋರಾಗಿ ಅವರು ಮಾತಾಡಿದ್ದನ್ನು ಪುಟ್ಟಿ ಎಂದೂ ಕೇಳಿರಲಿಲ್ಲ. ತಾಯಿಯ ಸೆರಗಿನ ಹಿಂದೆ ಸರಿದು, "ಟೈರಿಗೆ ಅಲ್ಲ, ತಾತನಿಗೇ ಜ್ವರ" ಎಂದಳು. ತಾಯಿ ನಗು ತಡೆದುಕೊಂಡು ಮಗಳಿಗೆ ಶೂ ಹಾಕಿದಳು. ಅವಳ ಕೈ ಹಿಡಿದುಕೊಂಡು ಹೊರಟುಹೋದಳು. ಅವಳು ವಾದಿಸಿದ್ದರೆ ವಾಚಿನವರಿಗೆ ಹಾಯೆನಿಸುತ್ತಿತ್ತು. ಒಳಗಿನಿಂದ ಅಕ್ಕ ಕೂಗಿದಳು: "ಯಾರ ಮೇಲೋ ಅದು ರೇಗಾಟ?"

"ಯಾರ ಮೇಲೂ ಇಲ್ಲ ಅಕ್ಕ."

ಅಂಗಡಿಗೆ ಹೋದರೂ ತಲೆಯೊಳಗೆ ಹುಳ ಬಿಟ್ಟ ಹಾಗೆ. ಒಂದು ಗಡಿಯಾರದ ಮುಳ್ಳನ್ನು ಹಾಕಿ ತೆಗೆದು, ಹಾಕಿ ತೆಗೆದು, ಕೊನೆಗೆ ಬಗ್ಗಿಸಿಯೇಬಿಟ್ಟರು. ಹನ್ನೊಂದರ ಹೊತ್ತಿಗೆ ಅಂಚೆ ಕಚೇರಿಯ ಗುಮಾಸ್ತರು ಬಂದು ಒಂದು ನೀಲಿ ಡಬ್ಬಿ ಮುಂದಿಟ್ಟರು. ಅದರೊಳಗೆ ಕೀ ಕೊಡುವ ವಾಚು, ಗಾಜಿನ ಮೇಲಿನ ಪ್ಲಾಸ್ಟಿಕ್ಕು ಕೂಡ ಕಿತ್ತಿಲ್ಲ.

"ಸಾರ್, ಇದು ಹೊಸದೇ. ನಮ್ಮ ಮಾವ ಕೊಟ್ಟಿದ್ದು. ಹದಿನಾಲ್ಕು ವರ್ಷದಿಂದ ಬೀರುವಿನಲ್ಲೇ ಇದೆ, ಒಂದು ದಿನಾನೂ ಕಟ್ಟಿಲ್ಲ. ಈಗ ಕೀ ಕೊಟ್ಟರೆ ಎರಡು ನಿಮಿಷ ಓಡಿ ನಿಂತುಬಿಡುತ್ತೆ. ಬಳಸದೇ ಇರೋದು ಹೇಗೆ ಸಾರ್ ಹಾಳಾಗುತ್ತೆ?"

ಈ ಪ್ರಶ್ನೆಗೆ ವಾಚಿನವರ ಬಳಿ ನಲವತ್ತು ವರ್ಷದಿಂದ ಒಂದೇ ಉತ್ತರವಿತ್ತು. ಬಾಯಿ ತಾನಾಗಿಯೇ ಶುರು ಮಾಡಿತು: "ಕಟ್ಟದೇ ಇಟ್ಟರೆ ಹೊಸದಾಗೇ ಉಳಿಯುತ್ತೆ ಅಂತ ಯಾರು ಹೇಳಿದ್ರು ನಿಮಗೆ? ಒಳಗಿರೋ ಎಣ್ಣೆಗೆ ಇದು ಬೀರು, ಇದು ಕೈ ಅಂತ ಗೊತ್ತಾಗುತ್ತಾ? ಅದರ ಪಾಡಿಗೆ ಅದು ಒಣಗ್ತಾ..."

ಅಲ್ಲಿಗೆ ನಿಂತರು.

"ಒಣಗ್ತಾ?" ಎಂದರು ಗುಮಾಸ್ತರು.

"ಶನಿವಾರ ಬನ್ನಿ" ಎಂದು ವಾಚಿನವರು ಎದ್ದು ಅಂಗಡಿಯ ಬಾಗಿಲು ಎಳೆದರು. ನಡುಹಗಲು ಆ ಬಾಗಿಲು ಮುಚ್ಚಿದ್ದನ್ನು ಕಂಡು ಬೇಕರಿಯವನು, "ಏನು ಸಾರ್, ಮೈ ಹುಷಾರಿಲ್ವಾ?" ಎಂದು ಕೇಳಿದ. ಅವರಿಗೆ ಕೇಳಿಸಲೇ ಇಲ್ಲ.

ಗೋಡೌನಿನವನು ನಾಲ್ಕೂ ಟೈರುಗಳನ್ನು ನೋಡಿ ಮೂಗು ಮುರಿದ. "ನಿನ್ನೆ ಅಳೆದೂ ಅಳೆದೂ ತಗೊಂಡ್ರಲ್ಲ?"

"ತಪ್ಪು ಜಾಗ ಅಳೆದೆ. ಹಿಡಿಯೋದು ಹಿಡ್ಕೊಂಡು ಉಳಿದದ್ದು ಕೊಡಿ. ಆದರೆ ಇದನ್ನ ಇನ್ನೊಬ್ಬರಿಗೆ ಮಾರಬೇಡಿ."

"ಮತ್ತೇನು ಹೂವಿನ ಗಿಡ ನೆಡ್ಲಾ?"

"ನೆಡಿ. ಚೆನ್ನಾಗಿ ಬರುತ್ತೆ."

ಅಲ್ಲಿಗೆ ಬುಧವಾರ ಕಳೆಯಿತು. ಗುರುವಾರವೂ ಬೆಳಗಿನಿಂದ ಮೂರು ಅಂಗಡಿ ಅಲೆದು ಬರಿಗೈಯಲ್ಲಿ ಬಂದರು. ಮನೆಯಲ್ಲಿ ಅಕ್ಕ ಚೀಲ ಬಿಚ್ಚಿ ಮಗುವಿನ ಕುಲಾವಿಗಳನ್ನು ಮತ್ತೊಮ್ಮೆ ಮಡಚಿಡುತ್ತಿದ್ದಳು. "ಗಾಡಿ ತಯಾರಾಯ್ತೇನೋ?" ಎಂದರೆ "ಆಯ್ತು ಅಕ್ಕ, ಆಗ್ತಾ ಇದೆ" ಎಂದು ಎರಡು ಉತ್ತರವನ್ನು ಒಂದೇ ಉಸಿರಿಗೆ ಕೊಟ್ಟು, ಅವಳ ಮಾತ್ರೆ ತರುವ ನೆಪ ಹೂಡಿ ಹೊರಬಿದ್ದರು.

ಔಷಧಿ ಅಂಗಡಿಯ ಮುಂದೆ ಸಣ್ಣ ಸರಕಿನ ವ್ಯಾನೊಂದು ನಿಂತು ಪೆಟ್ಟಿಗೆ ಇಳಿಸುತ್ತಿತ್ತು. ವಾಚಿನವರು ಅದನ್ನು ದಾಟಿ ಎರಡು ಹೆಜ್ಜೆ ಹೋದವರು ತಿರುಗಿ ಬಂದರು. ತಮ್ಮ ಕಾರಿನ ಹಾಗೆಯೇ ಪುಟ್ಟ, ಸಣಕಲು ಚಕ್ರಗಳು. ಇಂಥ ವ್ಯಾನುಗಳು ಊರಿನ ತುಂಬ ಓಡುತ್ತಿವೆ. ದಿನಾ ಎಷ್ಟು ಸಲ ದಾಟಿದ್ದಾರೋ. ಜೇಬಿನಿಂದ ಕನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು ರಸ್ತೆಯಲ್ಲೇ ಮಂಡಿಯೂರಿ, ಆಮೇಲೆ ಪೂರ್ತಿ ಮಲಗಿಯೇಬಿಟ್ಟರು.

"ಏಯ್ ಯಜಮಾನ್ರೇ! ಸಾಯೋಕೆ ನನ್ನ ಗಾಡೀನೇ ಸಿಕ್ತಾ?" ವ್ಯಾನಿನ ಚಾಲಕ ಪೆಟ್ಟಿಗೆ ಕೆಳಗಿಟ್ಟು ಓಡಿ ಬಂದ.

"ಸ್ವಲ್ಪ ತಡಿಯಪ್ಪ. ಈ ಟೈರು ಎಲ್ಲಿ ತಗೊಂಡೆ? ಎಷ್ಟಾಯ್ತು? ಹೊಸದಾಗಿ ತಯಾರಾಗಿದ್ದು ಸಿಗುತ್ತಾ?"

"ಸಿಗದೆ ಏನು? ಮೂಲೆಯಲ್ಲಿರೋ ಪಂಕ್ಚರ್ ಅಂಗಡಿಯಲ್ಲೂ ಸಿಗುತ್ತೆ."

ಅಷ್ಟರಲ್ಲಿ ಪುಟ್ಟಿಯ ತಾಯಿ ಕೌಂಟರು ಬಿಟ್ಟು ಹೊರಗೆ ಬಂದಿದ್ದಳು. ವಾಚಿನವರು ಮಲಗಿದಲ್ಲಿಂದಲೇ, "ಬರ್ಕೋಮ್ಮ, ಬರ್ಕೋ" ಎಂದರು. ಅವಳು ಮಾತ್ರೆ ಹಾಕುವ ಕಾಗದದ ಚೀಲದ ಮೇಲೆ ಬರೆದುಕೊಂಡಳು. ರಿಮ್ಮಿನ ಅಳತೆ ಒಂದೇ. ಟೈರಿನ ಎತ್ತರದಲ್ಲಿ ನಾಲ್ಕು ಮಿಲಿಮೀಟರ್ ವ್ಯತ್ಯಾಸ, ಅಗಲದಲ್ಲಿ ಅಷ್ಟೂ ಇಲ್ಲ. ಭಾರ ಹೊರುವ ಶಕ್ತಿ ಕಾರಿಗೆ ಬೇಕಾದ್ದಕ್ಕಿಂತ ಹೆಚ್ಚೇ.

"ನಿನ್ನೆ ರೇಗಿದೆ ನಿನ್ನ ಮೇಲೆ" ಎಂದರು ಅವರು, ಎದ್ದು ಅಂಗಿ ಕೊಡವಿಕೊಳ್ಳುತ್ತಾ.

"ಪರವಾಗಿಲ್ಲ ಮಾಮ. ಔಷಧಿ ಅಂಗಡಿಗೆ ಯಾರು ನಗ್ತಾ ಬರ್ತಾರೆ? ಈ ಸಲ ತಗೊಳ್ಳೋ ಮುಂಚೆಯೇ ತಾರೀಕು ನೋಡಿ."

ನೋಡಿದರು. ಶುಕ್ರವಾರ ಟೈರಂಗಡಿಯಲ್ಲಿ ನಾಲ್ಕರ ಅಂಕಿಯನ್ನೂ ಓದಿದ ಮೇಲೆಯೇ ಹಾಕಲು ಬಿಟ್ಟರು. ಎಲ್ಲವೂ ಎರಡು ತಿಂಗಳ ಹಿಂದೆ ತಯಾರಾದವು. ಬೆಲೆ ಗೋಡೌನಿಗಿಂತ ಹೆಚ್ಚು, ಆದರೆ ಫೋನಿನವನು ಹೇಳಿದ್ದಕ್ಕೆ ಹೋಲಿಸಿದರೆ ಏನೇನೂ ಅಲ್ಲ. ಮೆಕ್ಯಾನಿಕ್ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ, ಹಿಂದಿನ ಸೀಟಿನಲ್ಲಿ ಇಬ್ಬರನ್ನು ಕೂರಿಸಿ, ಎಲ್ಲೂ ಉಜ್ಜುವುದಿಲ್ಲ ಎಂದು ಖಾತ್ರಿ ಮಾಡಿದ. "ಒಂದೇ ಮಾತು ಸಾರ್. ಇದು ಸಾಮಾನು ಹೊರೋ ಟೈರು. ಮೈ ಸ್ವಲ್ಪ ಗಟ್ಟಿ. ಎತ್ತಿ ಹಾಕುತ್ತೆ. ವ್ಯಾನಿಗೆ ತುಂಬೋ ಅಷ್ಟು ಗಾಳಿ ತುಂಬಿಸಬೇಡಿ."

ಮನೆಯವರೆಗೆ ಓಡಿಸಿಕೊಂಡು ಬಂದ ವಾಚಿನವರಿಗೆ ಒಂದು ಗುಂಡಿಯೂ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವೋ, ಗೊತ್ತುಮಾಡಿಕೊಳ್ಳಲಿಲ್ಲವೋ? ಮತ್ತೆ ಹೋಗಿ ಅದೇ ಬೀದಿ ಸುತ್ತಿ ಬಂದರು. ಗಾಳಿ ಸ್ವಲ್ಪ ಇಳಿಸಿ ಸುತ್ತಿದರು. ಪ್ರತಿ ಸಲವೂ ಹಾಯಾಗಿಯೇ ಅನ್ನಿಸಿತು. ಅದೇ ಅವರಿಗೆ ಕಾಟವಾಯಿತು. ಗೋಡೌನಿನ ಟೈರೂ ಅವರಿಗೆ ಹೊಸದೇ ಅನ್ನಿಸಿರಲಿಲ್ಲವೇ? ಅಕ್ಕನ ಸೊಂಟದೊಳಗೆ ಕೂತ ಲೋಹದ ಕೀಲು ಮೂರು ಗಂಟೆಯ ದಾರಿಯಲ್ಲಿ ಏನು ಹೇಳುತ್ತದೋ ತಮ್ಮ ಮೈಗೆ ಹೇಗೆ ತಿಳಿಯಬೇಕು?

ಶನಿವಾರ ಬೆಳಗ್ಗೆ ಪುಟ್ಟಿಯ ತಾಯಿ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಅವರು ಮೆಟ್ಟಿಲು ಹತ್ತಿ ಬಂದು ಬಾಗಿಲ ಪಕ್ಕ ನಿಂತರು. ಕೂರಿ ಎಂದರೂ ಕೂರಲಿಲ್ಲ. ಕಾರಿನ ಕೀಲಿಕೈಯನ್ನು ಈ ಕೈಯಿಂದ ಆ ಕೈಗೆ ಹಾಕುತ್ತಿದ್ದರು.

"ಒಂದು ವಿಷಯ. ಹೋದ ತಿಂಗಳು ಟೈರಿಗೆ ಮೊಳೆ ಚುಚ್ಚಿರಲಿಲ್ಲಮ್ಮ. ಸಿಡಿದಿತ್ತು. ಅಕ್ಕನಿಗೆ ಸುಳ್ಳು ಹೇಳಿದೆ."

"ಈಗ ಹೇಳಿದ್ರಾ?"

"ಈಗ ಹತ್ತು ನಿಮಿಷದ ಹಿಂದೆ ಹೇಳಿ ಬಂದೆ."

"ಏನಂದ್ರು ದೊಡ್ಡಮ್ಮ?"

"ಚೀಲ ಎತ್ತಿ ಒಳಗಿಟ್ಟಳು. 'ನಾಳೆ ಗಾಡಿ ಚೆನ್ನಾಗಿದೆ ಅಂತ ನೀನು ಹೇಳಿದ್ರೆ ನಾನು ಹೇಗೋ ನಂಬಲಿ?' ಅಂದಳು. ಸರಿಯಾಗೇ ಅಂದಳು."

ತಾಯಿ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ವಾಪಸು ಹಾಕಿ ಕೈ ಒರೆಸಿಕೊಂಡಳು. ಪುಟ್ಟಿ ಬಾಗಿಲ ಸಂದಿಯಿಂದ ಇಣುಕಿ, "ಕಾರಿನಲ್ಲಿ ನಾನೂ ಬರ್ತೀನಿ" ಎಂದಳು. ಯಾರು ಎಲ್ಲಿಗೆ ಹೋಗುತ್ತಾರೆಂದು ಇನ್ನೂ ಯಾರೂ ಹೇಳಿರಲಿಲ್ಲ.

"ನೀನು ಆಮೇಲೆ ಕಂದ. ಮೊದಲು ನಿಮ್ಮಮ್ಮ" ಎಂದರು ವಾಚಿನವರು. ಆಮೇಲೆ ತಾಯಿಯ ಕಡೆ ತಿರುಗಿದರು. "ನೋಡಮ್ಮ, ಒಂದು ಉಪಕಾರ ಮಾಡಬೇಕು. ಅರ್ಧ ಗಂಟೆ ಸಾಕು. ಅಕ್ಕ ಕೂರೋ ಸೀಟಿನಲ್ಲಿ ನೀನು ಕೂತ್ಕೋ. ಹಳಿಯ ಹಿಂದಿರೋ ಗುಂಡಿ ರಸ್ತೆಯಲ್ಲಿ ಹೋಗಿ ಬರೋಣ. ಎಲ್ಲಿ ಕುಲುಕುತ್ತೆ, ಎಷ್ಟು ಕುಲುಕುತ್ತೆ, ನೋಡು. ನನಗೇನೂ ಹೇಳಬೇಡ, ನಾನು ಕೇಳಿದ್ರೂ ಹೇಳಬೇಡ. ನೇರವಾಗಿ ಒಳಗೆ ಹೋಗಿ ಅಕ್ಕನಿಗೆ ಹೇಳು. ಅವಳು ಹೂಂ ಅಂದ್ರೆ ಭಾನುವಾರ ಹೊರಡ್ತೀವಿ. ಬರ್ತೀಯಾ?"