ಹನಗೋಡಿನ ಪೈಲೆಟ್ಟೂ ಹುಣಸೂರಿನ ಮರದ ವಿಮಾನವೂ

ನನ್ನ ಗಂಡ ಚಲುವರಾಜು ಯಾವತ್ತೂ ವಿಮಾನ ಓಡಿಸಿದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ಹನಗೋಡಿಗೆ ಬಂದು ‘ಪೈಲೆಟ್ ಮನೆ ಎಲ್ಲಿ’ ಅಂತ ಯಾರನ್ನು ಕೇಳಿದರೂ ನಮ್ಮ ಬಾಗಿಲಿಗೇ ತಂದು ಬಿಡುತ್ತಾರೆ.

ನಮ್ಮೂರಿನ ರೂಢಿಯೇ ಹಾಗೆ. ಹೊರಗೆ ನೌಕರಿ ಮಾಡಿ ಬಂದವರಿಗೆ ಆ ನೌಕರಿಯ ಅತಿ ದೊಡ್ಡ ಹೆಸರನ್ನೇ ಅಂಟಿಸಿಬಿಡುತ್ತಾರೆ. ಬ್ಯಾಂಕಿನ ಬಾಗಿಲು ಕಾಯ್ದ ಕಂಠಪ್ಪ ಊರಿಗೆಲ್ಲ ಮ್ಯಾನೇಜರ್ ಕಂಠಪ್ಪ. ಹಾಗಿರುವಾಗ ಏರ್‌ಫೋರ್ಸಿಗೆ ಹೋಗಿ ಬಂದವರು ಪೈಲೆಟ್ ಆಗದೆ ಇನ್ನೇನಾಗುತ್ತಾರೆ? ಇವರು ಅಲ್ಲಿ ಇಂಜಿನ್ ಫಿಟ್ಟರ್ ಆಗಿದ್ದರು. ಮಿಗ್ ವಿಮಾನದ ಹೊಟ್ಟೆಯೊಳಗೆ ಕೈ ತೂರಿಸಿ ತೂರಿಸಿ ಬಲಗೈ ಹೆಬ್ಬೆರಳು ಸೊಟ್ಟಗಾಗಿದೆ. ಪಿಂಚಣಿ ತಗೊಂಡು ಊರಿಗೆ ಬಂದ ಮೇಲೆ ಹೊಗೆಸೊಪ್ಪು ಬೆಳೆದರು, ಬ್ಯಾರನ್ ಅನ್ನುವ ಬಿಸಿಗೂಡಿನಲ್ಲಿ ಸೊಪ್ಪು ಬೇಯಿಸಿದರು, ಊರವರ ಪಂಪ್‌ಸೆಟ್ಟುಗಳನ್ನೆಲ್ಲ ರಿಪೇರಿ ಮಾಡಿಕೊಟ್ಟರು. ಹೆಸರು ಮಾತ್ರ ಪೈಲೆಟ್ಟೇ ಉಳಿಯಿತು.

ನಿಜ ಹೇಳಿಬಿಡಿ ಅಂತ ನಾನು ಬಡಕೊಂಡಾಗಲೆಲ್ಲ ಅವರದು ಒಂದೇ ಮಾತು. “ನಾನೇನು ಬೋರ್ಡು ಆಕ್ಕಂಡಿದ್ದೀನಾ ಸುಧಾ? ಅವ್ರು ಕರೀತಾರೆ, ನಾನು ಓ ಅಂತೀನಿ.”

“ಓ ಅನ್ನಕ್ಕೆ ಮಾತ್ರ ಬಾಯಿ ಬತ್ತದೆ, ಅಲ್ಲ ಅನ್ನಕ್ಕೆ ಬರಲ್ಲ” ಅಂತ ನಾನು ಬೈದು ಒಳಗೆ ಹೋಗುತ್ತಿದ್ದೆ. ನನ್ನ ಬಾಯಿ ಸ್ವಲ್ಪ ಜೋರು. ಅದೂ ಊರಿಗೆಲ್ಲ ಗೊತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಹುಣಸೂರಿನ ಮರಗೆಲಸದ ಗೌಸ್ ಸಾಬರು ಮಗಳು ಸುಫಿಯಾಳ ಸ್ಕೂಟರಿನಲ್ಲಿ ಹಿಂದೆ ಕೂತು ನಮ್ಮ ಮನೆಗೆ ಬಂದರು. ಸುಫಿಯಾ ಕಂಪ್ಯೂಟರ್ ಕಲಿತ ಹುಡುಗಿ. ಅಪ್ಪನ ಅಂಗಡಿಯ ಪಕ್ಕದ ಕೋಣೆಯಲ್ಲಿ ಯುದ್ಧವಿಮಾನದ ಆಟವೊಂದನ್ನು ತಾನೇ ತಯಾರು ಮಾಡುತ್ತಿದ್ದಳು. ಒಳಗೆ ಕೂರಲು ಗೌಸ್ ಸಾಬರು ತೇಗದಲ್ಲಿ ಮೂತಿ ಸಮೇತ ಒಂದು ವಿಮಾನವನ್ನೇ ಕಡೆದಿದ್ದರು. ಮುಂದೆ ಸಾಲಾಗಿ ಟೀವಿಗಳು. ಎಲ್ಲ ಚೆನ್ನಾಗಿಯೇ ಇತ್ತು. ಆದರೆ ಆಟದೊಳಗೆ ಎಷ್ಟು ನಿಜ ಇರಬೇಕು ಅನ್ನುವುದಕ್ಕೆ ಅಪ್ಪನಿಗೂ ಮಗಳಿಗೂ ಜಟಾಪಟಿ.

“ನೋಡ್ರಿ ಪೈಲೆಟ್ ಸಾಹೇಬ್ರೆ, ಹುಡುಗ್ರು ಬತ್ತಾವೆ, ಗುಂಡಿ ಒತ್ತಬೇಕು, ಡಂ ಅನ್ನಬೇಕು, ಖುಷಿಯಾಗಿ ಓಗಬೇಕು. ಇವಳು ಇಂಜಿನ್ ಚಾಲೂ ಮಾಡಕ್ಕೇ ಪಾಠ ಮಾಡ್ತೀನಿ ಅಂತಾಳೆ” ಅಂದರು ಗೌಸ್ ಸಾಬರು.

“ಡಂ ಅನ್ನೋದಕ್ಕೆ ಮೊಬೈಲೇ ಸಾಕಲ್ವಾ ಅಬ್ಬಾ? ಅದಕ್ಕೆ ನನ್ನ ಹತ್ರ ಯಾಕೆ ಬರಬೇಕು?” ಅಂದಳು ಸುಫಿಯಾ. ಆಮೇಲೆ ಇವರ ಕಡೆ ತಿರುಗಿ, “ಓಡಿಸಿದವರು ನೀವು ಸಾರ್. ನೀವು ಎಷ್ಟು ಹೇಳ್ತೀರೋ ಅಷ್ಟು ಹಾಕ್ತೀನಿ” ಅಂದಳು.

ಅಲ್ಲ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ಇವರು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. “ಎಲ್ಲಾ ಆಕವ್ವ. ಒಂದು ಸ್ವಿಚ್ಚೂ ಬುಡಬೇಡ” ಅಂದವರು ಶುರು ಹಚ್ಚಿಕೊಂಡರು. ಮುಸುಕು ತೆಗೆಯುವುದು, ಪಿನ್ನು ಎಳೆಯುವುದು, ಚಕ್ರಕ್ಕೆ ಕೊಟ್ಟ ದಿಮ್ಮಿ ನೋಡುವುದು, ಇಂಧನ ಬಿಡುವುದು, ಇಂಜಿನ್ನಿನ ಬಿಸಿ ತೋರಿಸುವ ಮುಳ್ಳಿನ ಮೇಲೆ ಕಣ್ಣಿಡುವುದು. “ನಮ್ ಬ್ಯಾರನ್ ಇದ್ದಂಗೆ ಕಣವ್ವ. ಬಿಸಿ ಒಂದೇ ಸಲ ಎದ್ದೋಯ್ತೋ, ಎಲ್ಲಾ ಮುಗೀತು.” ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ನಮ್ಮ ಮದುವೆಯಾದ ಹೊಸತರಲ್ಲೂ ಕೇಳಿರಲಿಲ್ಲ.

“ಮೇಲೆ ಹೋದ ಮೇಲೆ ಸಾರ್? ಜೋರಾಗಿ ತಿರುಗಿಸಿದಾಗ ಮೈಗೆ ಏನಾಗುತ್ತೆ? ಶತ್ರು ವಿಮಾನ ಬೆನ್ನು ಹತ್ತಿದಾಗ?”

ಇವರು ಕಾಫಿ ಲೋಟ ಎತ್ತಿ ಕುಡಿದರು. ಲೋಟ ಆಗಲೇ ಖಾಲಿಯಾಗಿತ್ತು. “ಮೇಲೆ ಓದ್ಮೇಲೆ ಅಷ್ಟೇನಿಲ್ಲ ಬುಡವ್ವ. ಅದು ತಾನಾಗೇ ಓಯ್ತದೆ” ಅಂದರು.

ನನ್ನ ಕೈಯಿಂದ ಸೌಟು ಜಾರಿತು. ಸುಫಿಯಾ ಮಾತ್ರ ಭಕ್ತಿಯಿಂದ ತಲೆಯಾಡಿಸಿದಳು.

ಆಮೇಲೆ ಬಿಡುವಾದಾಗಲೆಲ್ಲ ಇವರು ಹುಣಸೂರಿನ ಬಸ್ಸು ಹತ್ತಿದರು. ಆಟ ತಯಾರಾಯಿತು. ನೆಲದ ಮೇಲೆ ಮಿಗ್ಗಿನ ಒಂದೊಂದು ಮೊಳೆಯೂ ನಿಜ. ಆಕಾಶಕ್ಕೆ ಹೋದರೆ ಹೆಂಗೆ ತಿರುಗಿಸಿದರೂ ತಿರುಗುತ್ತಿತ್ತು, ಎಷ್ಟು ಹೊತ್ತು ಹಾರಿಸಿದರೂ ಹಾರುತ್ತಿತ್ತು. ಗೌಸ್ ಸಾಬರು ಒಮ್ಮೆ ನನ್ನ ಮುಂದೆಯೇ ಅಂದರು: “ಏನಮ್ಮಾ ಇದು, ಮದುವೆ ಶಾಸ್ತ್ರ ಎಲ್ಲಾ ಮಾಡಿಸ್ತಾರೆ, ಊಟಕ್ಕೆ ಕೂತ್ರೆ ಎಲೆ ಮೇಲೆ ಏನೂ ಇಲ್ವಲ್ಲ.” ನಾನು ಇವರ ಮುಖ ನೋಡಿದೆ. ಇವರು ತೇಗದ ಮೂತಿ ಒರೆಸತೊಡಗಿದರು.

ಆಟದ ಕೋಣೆಯನ್ನು ಜನರಿಗೆ ತೆರೆಯುವ ಭಾನುವಾರ ಬಂತು. ಹನಗೋಡಿನಿಂದ ಜನ ಬಸ್ಸು ತುಂಬ ಬಂದಿದ್ದರು. ಮೊದಲ ಹಾರಾಟ ಪೈಲೆಟ್ಟರದೇ ಅಂತ ಎಲ್ಲರಿಗೂ ಗೊತ್ತಿತ್ತು. ಇಂಥ ಆಟಗಳನ್ನು ಅರೆದು ಕುಡಿದ ಮೈಸೂರಿನ ಒಂದು ಗುಂಪು ಮಧ್ಯಾಹ್ನದ ಮೇಲೆ ಬರುವುದಿತ್ತು. ಅವರು ಒಪ್ಪಿದರೆ ಸುಫಿಯಾಳ ಕೆಲಸಕ್ಕೆ ಊರೂರಲ್ಲಿ ಹೆಸರು, ನಕ್ಕರೆ ಅಲ್ಲಿಗೆ ಮುಗಿಯಿತು.

“ಒಂದು ತಪ್ಪಿದ್ರೂ ಹಿಡಿದುಬಿಡ್ತಾರೆ ಸಾರ್. ಆದ್ರೆ ನಂಗೆ ಭಯ ಇಲ್ಲ” ಅಂದ ಸುಫಿಯಾ ಟೀವಿ ಹಾಕಿದಳು. ದೊಡ್ಡ ಅಕ್ಷರದಲ್ಲಿ ಬಂತು: ‘ಪೈಲೆಟ್ ಚಲುವರಾಜು ಅವರ ಹಾರಾಟದ ಅನುಭವದಂತೆ.’

ಜನ ಚಪ್ಪಾಳೆ ತಟ್ಟಿದರು. ಇವರ ಮುಖದಲ್ಲಿ ರಕ್ತವೇ ಇರಲಿಲ್ಲ. ಇಷ್ಟು ವರ್ಷ ಬೈದವಳಿಗೆ ಸಿಕ್ಕಿಬಿದ್ದರಲ್ಲ ಅಂತ ಖುಷಿಯಾಗಬೇಕಿತ್ತು. ಆಗಲಿಲ್ಲ. ಹೆದರಿಕೆಯೇ ಆಯಿತು. ಇವರಿಗಾಗಿ ಒಂದು ಪಾಲು, ಆ ಹುಡುಗಿಗಾಗಿ ಎರಡು ಪಾಲು.

ಇವರು ಒಳಗೆ ಕೂತು ಬೆಲ್ಟು ಬಿಗಿದರು. ಒಂದೊಂದಾಗಿ ಸ್ವಿಚ್ಚು ಹಾಕಿದರು. ಸೊಟ್ಟ ಹೆಬ್ಬೆರಳು ಎಲ್ಲೂ ತಡವರಿಸಲಿಲ್ಲ. ಇಂಜಿನ್ ಗುಂಯ್ಯೆಂದಿತು, ಮುಳ್ಳು ಮೆಲ್ಲಗೆ ಏರಿ ಸರಿಯಾದ ಜಾಗದಲ್ಲಿ ನಿಂತಿತು.

“ಈಗ ಎತ್ತಿ ಸಾರ್” ಅಂದಳು ಸುಫಿಯಾ.

ಇವರು ಎತ್ತಲಿಲ್ಲ. ಬೆಲ್ಟು ಬಿಚ್ಚಿದರು, ಕೆಳಗಿಳಿದರು. ಮರದ ಮೂತಿಯ ಎಡಗಡೆ ನಿಂತು, ಹೆಬ್ಬೆರಳು ಎತ್ತಿ ತೋರಿಸಿ, ಖಾಲಿ ಸೀಟಿಗೆ ಒಂದು ಸೆಲ್ಯೂಟ್ ಹೊಡೆದರು.

“ನನ್ ಕೆಲ್ಸ ಇಲ್ಲಿಗೆ ಮುಗೀತು ಕಣವ್ವ. ನಾನು ಪೈಲೆಟ್ ಅಲ್ಲ, ಫಿಟ್ಟರು. ನಂಗೆ ಗೊತ್ತಿರೋದ್ನೆಲ್ಲ ಆಕು ಅಂದೆ. ಗೊತ್ತಿಲ್ದೇ ಇರೋದು ಇಲ್ವೇ ಇಲ್ಲ ಅಂದ್ಬುಟ್ಟೆ. ನಿನ್ ವಿಮಾನ ಮೇಲೋಗಿ ಸುಳ್ಳಾಗೋದು ನನ್ನಿಂದ. ಆ ಎಸರು ತಗದ್ಬುಡು.”

ಹಿಂದಿನಿಂದ ಮ್ಯಾನೇಜರ್ ಕಂಠಪ್ಪನ ದನಿ ಬಂತು. “ಲೇ ಪೈಲೆಟ್ಟು, ಸುಮ್ಕಿರ್ಲಾ. ನೀನು ಇಂಗೆಲ್ಲ ಏಳ್ಕಂಡು ಓದ್ರೆ ನಾಳೆ ನಾನೂ ಏಳ್ಬೇಕಾಯ್ತದೆ.” ಜನ ಗೊಳ್ಳೆಂದು ನಕ್ಕರು. ಊರಿನವರಿಗೆ ಅಷ್ಟಕ್ಕೇ ಮುಗಿಯಿತು.

ಸುಫಿಯಾ ನಗಲಿಲ್ಲ. “ನಿಮ್ಮನ್ನ ಎಷ್ಟು ಸಲ ಕೇಳ್ದೆ ಸಾರ್” ಅಂದಳು. ಕಣ್ಣೊರೆಸಿಕೊಂಡು, ಮೈಸೂರಿನವರಿಗೆ ಫೋನು ಮಾಡಿ ಆಟ ಇನ್ನೂ ಹಣ್ಣಾಗಿಲ್ಲ, ಮುಂದಿನ ತಿಂಗಳು ಬನ್ನಿ ಅಂದಳು. ಆಮೇಲೆ ಕೇಳಿದಳು: “ನಿಜವಾಗಿ ಓಡಿಸಿದವರು ಯಾರಾದ್ರೂ ಗೊತ್ತಾ?”

ಗೊತ್ತಿದ್ದರು. ಇವರು ಯಾರ ವಿಮಾನ ನೋಡಿಕೊಳ್ಳುತ್ತಿದ್ದರೋ ಆ ಸಾಹೇಬರು ಈಗ ಮೈಸೂರಿನಲ್ಲೇ ಇದ್ದರು. ಪೈಲೆಟ್ ಅಂದರೆ ಓ ಅನ್ನುವ ಬಾಯಲ್ಲಿ ಅವರ ಜೊತೆ ಮಾತಾಡುವುದು ಹೇಗೆ ಅಂತ ಇವರು ಯಾವತ್ತೂ ಫೋನು ಮಾಡಿರಲಿಲ್ಲ. ಅವತ್ತು ಎಲ್ಲರೆದುರಿಗೇ ಮಾಡಿದರು. “ಸಾರ್, ಫಿಟ್ಟರ್ ಚಲುವರಾಜು.” ಆ ಕಡೆಯ ಸಂತೋಷ ಕೋಣೆಗೆಲ್ಲ ಕೇಳಿಸಿತು.

ಸಾಹೇಬರು ಬಂದರು. ಜೋರಾಗಿ ತಿರುಗಿಸಿದರೆ ಕಣ್ಣಿಗೆ ಕತ್ತಲೆ ಬರಬೇಕು, ಬೀಳುವ ಮೊದಲು ರೆಕ್ಕೆ ನಡುಗಬೇಕು, ಇಂಧನ ಮುಗಿಯುವ ಹೆದರಿಕೆ ಇರಲೇಬೇಕು ಅಂದರು. ನೆಲದ ಮೇಲಿನ ಕೆಲಸ ನೋಡಿ ಮಾತ್ರ ನಕ್ಕರು. “ಇದರಲ್ಲಿ ಅರ್ಧ ನಾನು ಮಾಡಿದವನೇ ಅಲ್ಲಮ್ಮ. ಎಲ್ಲಾ ಇವರು ಮಾಡಿ ಮುಗಿಸಿದ ಮೇಲೆ ಬಂದು ಕೂರ್ತಿದ್ದೆ.”

ಅಲ್ಲಿಗೆ ಎಷ್ಟು ನಿಜ ಇರಬೇಕು ಅನ್ನುವ ಸುಫಿಯಾಳ ಲೆಕ್ಕ ಸರಿಹೋಯಿತು. ಪೈಲೆಟ್ಟಿನದಲ್ಲದ ಕೆಲಸ ಆಡುವವರ ಕೈಗೆ ಕೊಡುವುದಿಲ್ಲ, ತೆಗೆದು ಬಿಸಾಕುವುದೂ ಇಲ್ಲ. ಟೀವಿಯಲ್ಲಿ ವಿಮಾನದ ಎಡಗಡೆ ಒಬ್ಬ ಆಳನ್ನು ನಿಲ್ಲಿಸಿದಳು. ಅವನು ದಿಮ್ಮಿ ಎಳೆದು, ಸೊಟ್ಟ ಹೆಬ್ಬೆರಳು ತೋರಿಸಿ ಸೆಲ್ಯೂಟ್ ಹೊಡೆಯುತ್ತಾನೆ. ಆಡುವವರು ಮರುಸೆಲ್ಯೂಟಿನ ಹಸಿರು ಗುಂಡಿ ಒತ್ತುವ ತನಕ ವಿಮಾನ ಕದಲುವುದಿಲ್ಲ. ಮೈಸೂರಿನ ಗುಂಪು ಬಂದು ದಿನವಿಡೀ ಆಡಿತು, ಮುಂದಿನ ವಾರ ಇನ್ನಷ್ಟು ಜನರನ್ನು ಕರೆತಂದಿತು. “ಡಂ ಅನ್ನೋದು ಇನ್ನೂ ಸ್ವಲ್ಪ ಜೋರಾಗಿರಬೇಕಿತ್ತು” ಅನ್ನುವುದನ್ನು ಗೌಸ್ ಸಾಬರು ಬಿಟ್ಟಿಲ್ಲ.

ಊರಲ್ಲಿ ಇವರು ಈಗಲೂ ಪೈಲೆಟ್ಟೇ. ಈಗ ಇವರು ಓ ಅನ್ನುವ ಮೊದಲು “ಫಿಟ್ಟರು” ಅನ್ನುತ್ತಾರೆ. ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮೊನ್ನೆ ಹುಣಸೂರಿನ ಸಂತೆಗೆ ಹೋದವಳು ನಾನೂ ಆ ತೇಗದ ವಿಮಾನ ಹತ್ತಿ ಕೂತೆ. ಟೀವಿಯಲ್ಲಿ ಆ ಆಳು ಬಂದ. ಇವರದೇ ಹೊಟ್ಟೆ, ಇವರದೇ ನಿಲುವು. ಕೆಲಸವನ್ನೆಲ್ಲ ಮುಗಿಸಿ ನನ್ನ ಕಡೆ ತಿರುಗಿ ಸೆಲ್ಯೂಟ್ ಹೊಡೆದ.

ಸುಫಿಯಾ ಪಕ್ಕದಿಂದ ಹೇಳುತ್ತಲೇ ಇದ್ದಳು: “ಆಂಟಿ, ಹಣೆಯಿಂದ ಕೈ ಇಳಿಸಿ. ಗುಂಡಿ ಒತ್ತಬೇಕು.”