ಹಳಿಯಿಲ್ಲದ ರೈಲುದಾರಿಯಲ್ಲಿ ನರ್ಸ್ ಆಂಟಿ

ನರ್ಸ್ ಆಂಟಿಯ ಬಲಗಾಲಿನ ಮೀನಖಂಡದ ಮೇಲೆ ಸೈಕಲ್ ಚೈನಿನ ಎಣ್ಣೆ ಕಪ್ಪಗೆ, ಹಲ್ಲುಹಲ್ಲಾಗಿ ಅಚ್ಚೊತ್ತಿರುತ್ತಿತ್ತು. ಶುಕ್ರವಾರ ಎಷ್ಟು ತಿಕ್ಕಿ ತೊಳೆದರೂ ಶನಿವಾರ ಆಸ್ಪತ್ರೆಯ ಬಿಳಿ ಕಾಲುಚೀಲದೊಳಗಿಂದ ಇಣುಕುತ್ತಿತ್ತು. ಆಗ ಅವರಿಗೆ ಐವತ್ತೈದು ದಾಟಿತ್ತು.

ದುಬೈಯ ಕರಾಮದಲ್ಲಿ ನಾವು ಅಕ್ಕಪಕ್ಕದ ಫ್ಲ್ಯಾಟಿನವರು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು ಅವರು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅಂಕಲ್ ಬಹುಕಾಲ ಶಾಲೆಯ ಬಸ್ಸು ಓಡಿಸಿದವರು. ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ತಿಂದುಹಾಕಿತು. ಕೆಲಸ ಹೋದಾಗ ಆಂಟಿ ತಮ್ಮ ವೀಸಾದ ಮೇಲೆ ಗಂಡನನ್ನು ಉಳಿಸಿಕೊಂಡರು. ಆದರೆ ಅಂಕಲ್ ಮೆಟ್ಟಿಲಿಳಿಯುವುದನ್ನೇ ಬಿಟ್ಟರು. ಇಗರ್ಜಿಗೂ ಬರುತ್ತಿರಲಿಲ್ಲ. ಕಿಟಕಿಯ ಪಕ್ಕ ಕೂತು ಕೆಳಗೆ ಹೋಗುವ ಬಸ್ಸುಗಳ ಸದ್ದು ಕೇಳುತ್ತಿದ್ದರು.

ಆಂಟಿಯ ತಂಗಿ ಆಸ್ಟ್ರೇಲಿಯಾದ ಒಂದು ಸಣ್ಣ ಊರಿನಲ್ಲಿದ್ದರು. ಅಲ್ಲಿ ರೈಲು ನಿಂತುಹೋದ ಮೇಲೆ ಹಳಿ ಕಿತ್ತು, ಆ ದಾರಿಯನ್ನು ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟುಕೊಟ್ಟಿದ್ದಾರೆ, ಎರಡೂ ಕಡೆ ವೈನ್ ಮಾಡುವ ದ್ರಾಕ್ಷಿಯ ತೋಟಗಳಿವೆ ಎಂದು ತಂಗಿ ಒಮ್ಮೆ ಫೋನಿನಲ್ಲಿ ಹೇಳಿದರು. ಆಂಟಿ ಅದನ್ನೇ ಹಿಡಿದುಕೊಂಡರು. ಮರುದಿನ ನಮ್ಮ ಬಾಗಿಲಿಗೆ ಬಂದು ನಿಂತರು.

"ರೈಲಿಗೆ ಒಮ್ಮೆಲೇ ಏರ್ಲಿಕ್ಕೆ ಆಗುದಿಲ್ಲ, ಗಕ್ಕನೆ ತಿರುಗ್ಲಿಕ್ಕೂ ಆಗುದಿಲ್ಲ. ಹಾಗಾಗಿ ಆ ದಾರಿ ನಮ್ಮಂಥವರಿಗೇ ಮಾಡಿದ್ದು. ಇವರನ್ನು ಹಿಂದೆ ಕೂರಿಸ್ಕೊಂಡು ಹೋಗ್ತೇನೆ. ಕಲೀಲಿಕ್ಕೆ ಹೋಗುವಾಗ ನಿನ್ನ ಕಾರು ಬೇಕು," ಎಂದರು.

ಅಲ್ಲಿಯವರೆಗೆ ಅವರು ಸೈಕಲ್ ಮುಟ್ಟಿದವರೇ ಅಲ್ಲ.

ಅಲ್ ಖುದ್ರಾದ ಮರುಭೂಮಿಯಲ್ಲಿ ಸೈಕಲ್ಲಿಗೆಂದೇ ಟಾರು ಹಾಕಿದ ದಾರಿಯಿತ್ತು. ಒಂದು ಚಳಿಗಾಲವಿಡೀ, ರಜೆಯ ದಿನವಾದ ಪ್ರತಿ ಶುಕ್ರವಾರ ಬೆಳಿಗ್ಗೆ, ಅಲ್ಲಿ ಒಬ್ಬರೇ ಕಲಿತರು. ಮರುವರ್ಷ ಇಬ್ಬರು ತುಳಿಯುವ ಉದ್ದನೆಯ ಸೈಕಲ್ಲನ್ನು ಬಾಡಿಗೆಗೆ ಹಿಡಿದರು. ಅಂಕಲ್ ಬರುವುದಿಲ್ಲ ಎಂದು ಹಟ ಹಿಡಿದಿದ್ದರು. ಆಂಟಿ ಜಗಳವಾಡಲಿಲ್ಲ. "ಇಷ್ಟು ವರ್ಷ ಊರವರ ಮಕ್ಕಳನ್ನೆಲ್ಲ ನೀವು ಕರ್ಕೊಂಡು ಹೋದ್ರಿ. ಒಂದು ಸಲ ನಿಮ್ಮನ್ನು ನಾನು ಕರ್ಕೊಂಡು ಹೋಗ್ತೇನೆ," ಎಂದರಷ್ಟೆ. ಆ ಶುಕ್ರವಾರ ಅಂಕಲ್ ಬೂಟು ಹಾಕಿಕೊಂಡು ಬಾಗಿಲ ಬಳಿ ಕೂತಿದ್ದರು.

ಮೊದಲ ದಿನವೇ ಇಬ್ಬರೂ ಮರಳಿಗೆ ಬಿದ್ದರು. ನಾನು ಓಡಿಹೋಗುವಷ್ಟರಲ್ಲಿ ಆಂಟಿ ಗಂಡನ ಮೊಣಕೈ, ಮಣಿಕಟ್ಟು ಎಲ್ಲ ಒತ್ತಿ ನೋಡಿ ಮುಗಿಸಿದ್ದರು. ಸಾಕು ಮಾಡುವ ಎಂದೆ ನಾನು. "ಬಿದ್ದದ್ದು ನಿಲ್ಲಿಸುವಾಗ. ತುಳೀಲಿಕ್ಕೆ ನಮಗೆ ಬರ್ತದೆ," ಎಂದು ಮತ್ತೆ ಹತ್ತಿದರು.

ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಅವರು ಆಸ್ಟ್ರೇಲಿಯಾಕ್ಕೆ ಹೊರಟಾಗ ರಜೆ ಹಾಕಿ ನಾನೂ ಜೊತೆಗೆ ಹೋದೆ. ಆ ದಾರಿಯನ್ನು ಹೇಗೆ ಹೇಳಲಿ? ಗುಡ್ಡದಿಂದ ಗುಡ್ಡಕ್ಕೆ ಬಾಚಿಟ್ಟ ಹಾಗೆ ದ್ರಾಕ್ಷಿ ಸಾಲುಗಳು, ಅವುಗಳ ನಡುವೆ ಸದ್ದಿಲ್ಲದೆ ಬಳಸಿಕೊಂಡು ಹೋಗುವ ಮಣ್ಣುದಾರಿ. ನಾನು ಬೇರೆ ಸೈಕಲ್ಲಿನಲ್ಲಿ ಹಿಂದೆ ತುಳಿಯುತ್ತಿದ್ದೆ. ಆಂಟಿ ವಾರ್ಡಿನಲ್ಲಿ ಡ್ಯೂಟಿ ಒಪ್ಪಿಸುವ ದನಿಯಲ್ಲೇ ಗಂಡನಿಗೆ ಹೇಳುತ್ತಾ ಹೋದರು: ಎಡಕ್ಕೆ ತೋಟ, ಎಲೆ ಹಳದಿ ತಿರುಗಿದೆ, ಮುಂದೆ ಕಬ್ಬಿಣದ ಸೇತುವೆ, ಇಗೋ ಕೆಂಪು ಇಟ್ಟಿಗೆಯ ಹಳೇ ಸ್ಟೇಷನ್ನು. ಕೊಯ್ಯುತ್ತಿದ್ದವರೊಬ್ಬರು ಒಂದು ಗೊಂಚಲು ಕೊಟ್ಟರು. ಅಂಕಲ್ ಒಂದೊಂದೇ ಹಣ್ಣನ್ನು ಬೆರಳಲ್ಲಿ ಹೊರಳಿಸಿ ತಿಂದರು. ಸಣ್ಣ ಹಣ್ಣು, ದಪ್ಪ ಸಿಪ್ಪೆ, ಬಾಯಿ ತುಂಬ ಬೀಜ.

ಅಲ್ಲಿಂದ ಮುಂದೆ ದಾರಿ ಇಳಿಯತೊಡಗಿತು. ಆಂಟಿ ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಅಂಕಲ್, "ಈಗ ಬಲಕ್ಕೆ ತಿರುವು," ಎಂದರು. ದಾರಿ ನಿಜಕ್ಕೂ ಬಲಕ್ಕೆ ಬಾಗುತ್ತಿತ್ತು. ಆಮೇಲೆ ತಿರುವುಗಳನ್ನೆಲ್ಲ ಅವರೇ ಹೇಳಿದರು. ಆಂಟಿ "ಹೌದು, ಹೌದು" ಎನ್ನುತ್ತಾ ಹ್ಯಾಂಡಲ್ ತಿರುಗಿಸಿದರು. ಅಷ್ಟು ವರ್ಷ ಬಸ್ಸು ಓಡಿಸಿದ ಮೈ ಅದು; ರಸ್ತೆಯನ್ನು ಅದು ಮರೆತಿರಲಿಲ್ಲ.

ದುಬೈಗೆ ಮರಳಿದ ಮೇಲೆ ಅಂಕಲ್ ದಿನಾ ಸಂಜೆ ಕೋಲು ಹಿಡಿದು ಕರಾಮದ ಬೀದಿಗಿಳಿದರು. ಆಂಟಿ ನಿವೃತ್ತರಾದಾಗ ಇಬ್ಬರೂ ಊರು ಸೇರಿದರು. ಸ್ವಲ್ಪ ಕಾಲಕ್ಕೇ ಕ್ಯಾನ್ಸರ್ ಆಂಟಿಯನ್ನು ಕೊಂಡೊಯ್ದಿತು.

ರಜೆಯಲ್ಲಿ ಊರಿಗೆ ಬಂದವಳು ಅಂಕಲ್ಲನ್ನು ಕಾಣಲು ಹೋದೆ. ಜಗಲಿಯಲ್ಲಿ ನೆರೆಯವರು ಕೂತಿದ್ದರು. ಅಂಕಲ್ ಆ ದಾರಿಯ ಕಥೆ ಹೇಳುತ್ತಿದ್ದರು. ಹಳದಿ ತಿರುಗಿದ ಎಲೆ, ಸೇತುವೆಯ ಕಬ್ಬಿಣ, ಸ್ಟೇಷನ್ನಿನ ಕೆಂಪು ಇಟ್ಟಿಗೆ, ಯಾವುದನ್ನೂ ಬಿಡಲಿಲ್ಲ. ನನ್ನ ಪಕ್ಕದಲ್ಲಿದ್ದ ಮುದುಕಿಯೊಬ್ಬರು ಮೆಲ್ಲಗೆ ಕೇಳಿದರು:

"ಇವರ ಕಣ್ಣು ಹೋದದ್ದು ಅಲ್ಲಿಂದ ಬಂದ ಮೇಲಾ?"

ಅಲ್ಲ, ಅದಕ್ಕೂ ಮೊದಲೇ ಎಂದೆ. ಅವರು ನಂಬಲಿಲ್ಲ.