ನೀರಿಗಿಳಿಸದ ಕೇಬಲ್

1958ರಲ್ಲಿ ನಾನು ಕೊಚ್ಚಿಯ ಒಂದು ಸರಕಾರಿ ಉಗ್ರಾಣದಲ್ಲಿ ಇಲೆಕ್ಟ್ರಿಕಲ್ ಓವರ್ಸಿಯರ್ ಆಗಿದ್ದೆ. ಎರಡು ವರ್ಷದ ಹಿಂದೆ ಕಾಸರಗೋಡು ಕೇರಳಕ್ಕೆ ಸೇರಿದಾಗ ಅಲ್ಲಿಂದ ವರ್ಗವಾಗಿ ಬಂದವರಲ್ಲಿ ನಾನೊಬ್ಬ, ವಯರ್‌ಮ್ಯಾನ್ ಐತಪ್ಪಣ್ಣ ಇನ್ನೊಬ್ಬರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಡಿಪ್ಲೊಮಾ ಇದ್ದದ್ದು ನನಗೆ, ಹಾಗಾಗಿ ಜಂಬವೂ ನನ್ನದೇ.

ಆಗಿನ ಕೇಬಲ್‌ಗಳಲ್ಲಿ ತಾಮ್ರದ ತಂತಿಗೆ ರಬ್ಬರಿನ ಹೊದಿಕೆ. ಶಾಖಕ್ಕೂ ಗಾಳಿಗೂ ಸಿಕ್ಕಿ ವರ್ಷಗಳು ಕಳೆದಂತೆ ರಬ್ಬರ್ ಗಡುಸಾಗಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಒಣಗಿದ್ದಾಗ ಆ ಬಿರುಕಿನಲ್ಲಿ ಬರೀ ಗಾಳಿ, ವಿದ್ಯುತ್ ಸೋರುವುದಿಲ್ಲ. ನೀರು ಹೊಕ್ಕರೆ ಸೋರುತ್ತದೆ. ಅದಕ್ಕೇ ಸುರುಳಿಯನ್ನು ಇಪ್ಪತ್ನಾಲ್ಕು ಗಂಟೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಆಮೇಲೆ ಮೆಗ್ಗರ್ ಎಂಬ ಕೈಯಲ್ಲಿ ತಿರುಗಿಸುವ ಉಪಕರಣದಿಂದ ಇನ್ಸುಲೇಶನ್, ಅಂದರೆ ಹೊದಿಕೆ ವಿದ್ಯುತ್ತನ್ನು ತಡೆಯುವ ಶಕ್ತಿ, ಅಳೆಯಬೇಕೆಂಬ ನಿಯಮ ನಮ್ಮಲ್ಲಿತ್ತು.

ಏಪ್ರಿಲ್‌ನಲ್ಲಿ ತಿರುವನಂತಪುರದ ಶ್ರೀಕಾರ್ಯಂನ ಹಾಸ್ಟೆಲೊಂದರ ಪಂಪ್‌ಹೌಸಿಗೆ ಕೇಬಲ್ ಬೇಕಾಯಿತು. ತಗಡಿನ ಮಾಡಿನಡಿ ವರ್ಷಗಟ್ಟಲೆ ಬೆಂದ ಸುರುಳಿಯೊಂದೇ ಇತ್ತು. ಲಾರಿ ಹೊರಟು ನಿಂತಿತ್ತು. ಒಣಗಿದ್ದಂತೆಯೇ ಅಳೆದೆ. ಮೆಗ್ಗರ್ ಐವತ್ತು ಮೆಗಓಮ್ ತೋರಿಸಿತು, ನಿಯಮಕ್ಕೆ ಅಷ್ಟು ಧಾರಾಳವಾಗಿ ಸಾಕು. ಪರೀಕ್ಷೆಯ ವರದಿಯಲ್ಲಿ 'ನೀರಿನಲ್ಲಿ 24 ಗಂಟೆ' ಎಂಬ ಕಾಲಮಿಗೆ ಗುರುತು ಹಾಕಿ ಸಹಿ ಮಾಡಿದೆ. ಎಲ್ಲರೂ ಒಮ್ಮೊಮ್ಮೆ ಹಾಗೆಯೇ ಮಾಡುತ್ತಿದ್ದೆವು.

"ಬಗ್ಗಿಸಿ ನೋಡಿ ಮಾರಾಯ್ರೇ, ಚಕ್ಕುಲಿಯ ಹಾಗೆ ಮುರೀತದೆ," ಎಂದರು ಐತಪ್ಪಣ್ಣ.

"ಮೆಗ್ಗರಿಗಿಂತ ನಿಮ್ಮ ಬೆರಳು ದೊಡ್ಡದಾ?" ಎಂದೆ. ಅದನ್ನು ಅಲ್ಲಿ ಅಳವಡಿಸಲು ಅವರು ಕೇಬಲಿನ ಜೊತೆ ಲಾರಿ ಹತ್ತಿದರು.

ಜೂನ್ ಮಳೆಗೆ ಕೇಬಲ್ ಹಾದುಹೋಗಿದ್ದ ಕಬ್ಬಿಣದ ಕೊಳವೆಯೊಳಗೆ ನೀರು ಇಳಿಯಿತು. ಕೊಳವೆಯನ್ನು ಮುಟ್ಟಿದ ಹಾಸ್ಟೆಲಿನ ಕಾವಲುಗಾರ ಷಾಕ್ ಹೊಡೆದು ಬಿದ್ದ. ಜೀವ ಉಳಿಯಿತು, ಬಲಗೈ ಮಾತ್ರ ತಿಂಗಳುಗಟ್ಟಲೆ ಏಳಲಿಲ್ಲ.

ಕೊಚ್ಚಿಯಲ್ಲಿ ವಿಚಾರಣೆ ನಡೆಯಿತು. ನನ್ನ ವರದಿ ಚೊಕ್ಕವಾಗಿದ್ದುದರಿಂದ, ಕೊಳವೆಯಲ್ಲಿ ಎಳೆಯುವಾಗ ವಯರ್‌ಮ್ಯಾನ್ ರಬ್ಬರ್ ಕೆರೆದಿರಬೇಕು ಎಂದು ವಿಚಾರಣೆಗೆ ಕೂತ ನಮ್ಮ ಸಾಹೇಬರು ತೀರ್ಮಾನಿಸಿದರು. "ನಿಮ್ಮ ಟೆಸ್ಟ್ ಸರಿ ತಾನೆ?" ಎಂದು ನನ್ನನ್ನು ಕೇಳಿದರು. ಐತಪ್ಪಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು.

"ಸರಿ ಸರ್," ಎಂದೆ.

ಐತಪ್ಪಣ್ಣನ ವಯರ್‌ಮ್ಯಾನ್ ಪರ್ಮಿಟ್ ರದ್ದಾಯಿತು, ಕೆಲಸ ಹೋಯಿತು. ಅದೇ ಸುರುಳಿಯ ಉಳಿದ ತುಂಡನ್ನು ತೊಟ್ಟಿಗಿಳಿಸಿ ಮರುದಿನ ಅಳೆದೆ. ಮುಳ್ಳು ಸೊನ್ನೆಯ ಹತ್ತಿರ ನಿಂತಿತು. ನಾಚಿಕೆಯಿಂದ ಹಿಡಿಯಾದೆ. ಆದರೂ ಸಾಹೇಬರ ಬಾಗಿಲಿಗೆ ಹೋಗಲಿಲ್ಲ. ಭಾನುವಾರ ಐತಪ್ಪಣ್ಣನ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡೆ.

ಅವರು ಗದರಲಿಲ್ಲ. ಊರಿಗೆ ಹೊರಡಲು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದರು. "ಇದನ್ನು ನನಗೆ ಎಂತಕ್ಕೆ ಹೇಳ್ತೀರಿ? ನನಗೆ ಗೊತ್ತುಂಟಲ್ಲ. ಗೊತ್ತಿಲ್ಲದ್ದು ಅಲ್ಲಿ ಕೂತವರಿಗೆ," ಎಂದರು.

ಸೋಮವಾರ ಸಾಹೇಬರಿಗೆ ನಡೆದದ್ದನ್ನು ಬರೆದುಕೊಟ್ಟೆ. ನನ್ನ ಬಡ್ತಿ ನಿಂತಿತು, ಅವರಿಗೆ ಕೆಲಸ ಮರಳಿತು. ನನ್ನ ಕೈಕೆಳಗೆ ಮಾತ್ರ ಬೇಡವೆಂದು ಬೇರೆ ಕಡೆ ಹಾಕಿಸಿಕೊಂಡರು.

ಸುಳ್ಳನ್ನು ಎಲ್ಲಿ ಹೇಳಿದೆವೋ ಅಲ್ಲೇ ನಿಂತು ತೆಗೆಯಬೇಕು ಎಂಬುದು ಈ ಕೆಲಸ ನನಗೆ ಕಲಿಸಿದ ಪಾಠ. ಅದನ್ನು ಕಲಿಯಲು ಹತ್ತು ದಿನ ತೆಗೆದುಕೊಂಡೆ. ಆ ಹತ್ತು ದಿನ ಇಡೀ ಆಫೀಸು ಐತಪ್ಪಣ್ಣನನ್ನು ಕೆಲಸಗೇಡಿ ಎಂದು ಆಡಿಕೊಂಡಿತು. ನಾನು ಅಲ್ಲೇ ಕೂತು ಕೇಳಿಸಿಕೊಂಡೆ.